ಆಯಿಯ ಗಾಲಿಮನೆಗೆ ಗಾಳಿ ತುಂಬಿದ ದಿನ

ಮೊದಲು ಕೃತಜ್ಞತೆ. ದಾರಿ ಕಾಣದವರಿಗೆ ದಾರಿಯಾದ ಪಂಚಪರಮೇಷ್ಠಿಗಳಿಗೆ ತಲೆಬಾಗುತ್ತೇನೆ. ನನ್ನ ನಾಲಗೆಯನ್ನು ತಿದ್ದಿ, ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪಬಾರದೆಂದು ಕಲಿಸಿದ ಗುರುಗಳ ಪಾದಗಳನ್ನು ನೆನೆಯುತ್ತೇನೆ. ನಮ್ಮ ಭಾರವನ್ನು ಹೊತ್ತ ನೆಲಕ್ಕೂ, ಆ ನೆಲದ ಮೇಲೆ ನಮ್ಮ ಗಾಲಿಗಳ ಕೆಳಗೆ ನಾವರಿಯದಂತೆ ನೊಂದ ಸಣ್ಣ ಜೀವಗಳಿಗೂ ಕೈಮುಗಿದು ಕ್ಷಮೆ ಬೇಡುತ್ತೇನೆ. ಇಷ್ಟು ವಯಸ್ಸಾದ ಮೇಲೂ ಆ ಒಂದು ದಿನ ನನ್ನ ನೆನಪಿನಲ್ಲಿ ಮಾಸದೆ ಉಳಿದಿರುವುದು ಅವರೆಲ್ಲರ ಅನುಗ್ರಹ.

ಇದು ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ವ್ಯಾಕರಣ, ನ್ಯಾಯಶಾಸ್ತ್ರಗಳ ಅಭ್ಯಾಸವನ್ನು ಮುಗಿಸಿ ನಾನು ಬೆಳಗಾವಿಯ ನಮ್ಮ ಮನೆಗೆ ಮರಳಿದ್ದೆ. ಮನೆಯ ಹಿರಿಯರೆಂದರೆ ನನ್ನ ತಂದೆಯ ತಾಯಿ. ಅವರನ್ನು ಮನೆಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದೆವು. ಖಾನಾಪುರ ಅವರ ತವರು. ಅಲ್ಲಿಯ ಸಣ್ಣ ಜೈನ ಬಸದಿಯಲ್ಲಿ ಅವರು ಹುಡುಗಿಯಾಗಿದ್ದಾಗ ಮೊದಲ ವ್ರತವನ್ನು ಹಿಡಿದಿದ್ದರು. ಅಂದಿನಿಂದ ಪ್ರತಿ ವರ್ಷ ಫಾಲ್ಗುಣದ ಪರ್ವದಲ್ಲಿ ಉಪವಾಸ ಮಾಡಿ, ಅದೇ ಬಸದಿಯಲ್ಲಿ ಸ್ವಾಮಿಯ ದರ್ಶನ ಪಡೆದ ಮೇಲೆಯೇ ಪಾರಣೆ ಮಾಡುವುದು, ಎಂದರೆ ಉಪವಾಸವನ್ನು ಬಿಡುವುದು, ಅವರ ನಿಯಮವಾಗಿತ್ತು. ಆದರೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದ ಮೇಲೆ ಅವರಿಗೆ ಕೂರಲೂ ಆಗದಾಯಿತು. ಆ ನಿಯಮ ತಪ್ಪಿತು. ಎರಡು ಪರ್ವಗಳು ಹಾಗೆಯೇ ಕಳೆದವು. ಮೂರನೆಯದು ಹತ್ತಿರವಾದಾಗ ಆಯಿ ಎಲ್ಲರನ್ನೂ ಮಂಚದ ಬಳಿ ಕರೆಸಿದರು.

"ಈ ಸಲ ನಾ ಖಾನಾಪುರಕ್ಕ ಹೋಗಾಕಿನ. ಹೆಂಗ ಒಯ್ತೀರಿ ಅನ್ನೂದು ನಿಮ್ಮ ವಿಚಾರ. ಹೋಗೂದು ನನ್ನ ವಿಚಾರ," ಎಂದರು.

ಖಾನಾಪುರಕ್ಕೆ ರೈಲು ಇತ್ತು. ಆದರೆ ಮಲಗಿದವರನ್ನು ಡಬ್ಬಿಯ ಇಕ್ಕಟ್ಟಾದ ಬಾಗಿಲೊಳಗೆ ಹೊರಳಿಸಿ ತೂರಿಸುವುದು ಅವರ ಸೊಂಟವನ್ನು ಮತ್ತೊಮ್ಮೆ ಮುರಿದಂತೆಯೇ ಆಗುತ್ತಿತ್ತು. ಎತ್ತಿನ ಚಕ್ಕಡಿಯ ಕಬ್ಬಿಣದ ಪಟ್ಟಿಯ ಗಾಲಿಗಳು ದಾರಿಯ ಪ್ರತಿ ಕಲ್ಲನ್ನೂ ಎಲುಬಿಗೆ ಮುಟ್ಟಿಸುತ್ತವೆ. ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಒಂದು ಮೋಟಾರನ್ನು ಇಟ್ಟುಕೊಂಡಿದ್ದರು. ಅದರ ಕೆಂಪು ಚರ್ಮದ ಸೀಟುಗಳ ಮೇಲೆ ಅವರಿಗೆ ಮಗುವಿನ ಮೇಲಿನ ಮಮತೆ. ಮೆತ್ತನೆಯ ಬಟ್ಟೆಯಿಂದ ದಿನವೂ ತಾವೇ ಒರೆಸುತ್ತಿದ್ದರು. ಆದರೆ ಆಯಿ ಚರ್ಮವನ್ನು ಮೈಗೆ ತಾಗಿಸುವವರಲ್ಲ. ಹೀಗಾಗಿ ಆ ಮೋಟಾರಿನಲ್ಲಿ ಅವರು ಒಮ್ಮೆಯೂ ಕುಳಿತವರಲ್ಲ.

ಕಾಕಾನಿಗೆ ಹೊಳೆದದ್ದು ಗಾಲಿಮನೆ. ಈಗಿನವರು ಕ್ಯಾರವಾನ್ ಎನ್ನುತ್ತಾರೆ. ಟಾಂಗಾ ಕಟ್ಟುವ ಬಡಿಗರು ಒಂದು ಹಳೆಯ ಮೋಟಾರಿನ ಅಚ್ಚಿನ ಮೇಲೆ ತೇಗದ ಹಲಗೆಗಳ ಸಣ್ಣ ಕೋಣೆಯೊಂದನ್ನು ಕೂಡಿಸಿಕೊಟ್ಟರು. ಒಳಗೆ ಒಂದು ಮಂಚ, ಎರಡು ಕಿಟಕಿ, ನೀರಿನ ತಂಬಿಗೆಗೆ ಒಂದು ಗೂಡು. ಅದಕ್ಕೆ ಗಾಳಿ ತುಂಬುವ ಎರಡು ಟೈರುಗಳು. ಮುಂದಿನ ಮೂತಿಯನ್ನು ಕಾಕಾನ ಮೋಟಾರಿನ ಬೆನ್ನಿಗೆ ಕೊಂಡಿಯಿಂದ ಸಿಕ್ಕಿಸಿದರೆ ಅದು ಹಿಂದೆಯೇ ಉರುಳಿಬರುತ್ತಿತ್ತು. ಹಾಸಿಗೆಗೆ ವಡಗಾವಿಯ ನೇಕಾರರು ದಪ್ಪ ಹತ್ತಿಯ ಜಮಖಾನೆಯನ್ನು ನೇಯ್ದುಕೊಟ್ಟರು. ಬಡಿಗರು ಬಾಗಿಲಿಗೆ ಚರ್ಮದ ಪಟ್ಟಿಯನ್ನು ಹಾಕಹೊರಟಾಗ ಕಾಕು, ಕಾಕಾನ ಹೆಂಡತಿ, ಅಡ್ಡ ನಿಂತು ನೂಲಿನ ಹಗ್ಗವನ್ನು ಕಟ್ಟಿಸಿದರು. ಮನೆಯಲ್ಲಿ ಮಡಿಯ ಹೊಣೆ ಕಾಕುವಿನದು. ಗಾಲಿಮನೆಯೊಳಗೆ ಚರ್ಮದ ಒಂದು ತುಣುಕೂ ಇರಬಾರದೆಂಬುದು ಅವರ ಹಟ.

ಗಾಲಿಗಳ ಹೊಣೆಯನ್ನು ನಾನು ಕೇಳಿ ಪಡೆದುಕೊಂಡೆ. ಶಾಸ್ತ್ರ ಓದಿದವನಿಗೆ ಈ ಕೆಲಸವೇಕೆಂದು ಕೆಲವರು ನಕ್ಕರು. ನನಗೆ ಹಾಗೆನಿಸಲಿಲ್ಲ. ಆಯಿಯ ಎಲುಬಿಗೂ ದಾರಿಯ ಕಲ್ಲಿಗೂ ನಡುವೆ ಇದ್ದದ್ದು ಆ ಟೈರುಗಳೊಳಗಿನ ಗಾಳಿಯೊಂದೇ. ಅದನ್ನು ಕಾಯುವುದು ಪೂಜೆಗಿಂತ ಕಡಿಮೆಯ ಕೆಲಸವಲ್ಲ. ನಾನು ಕಲಿತುಕೊಂಡ ಕ್ರಮ ಹೀಗಿತ್ತು. ಗಾಳಿಯನ್ನು ಅಳೆಯುವುದು ಮುಂಜಾನೆ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರು ಇದ್ದದ್ದಕ್ಕಿಂತ ಹೆಚ್ಚನ್ನು ತೋರಿಸುತ್ತದೆ, ಅದನ್ನು ನಂಬಬಾರದು. ಎರಡೂ ಬದಿಯ ಗಾಳಿ ಸಮವಾಗಿರಬೇಕು, ಇಲ್ಲವಾದರೆ ಹಿಂದಿನ ಮನೆ ಒಂದು ಪಕ್ಕಕ್ಕೆ ವಾಲಿ ಮುಂದಿನ ಮೋಟಾರನ್ನು ಜಗ್ಗುತ್ತದೆ. ಗಾಲಿಮನೆಯ ಮೂತಿಯ ಭಾರ ಮೋಟಾರಿನ ಹಿಂಗಾಲಿಗಳ ಮೇಲೆ ಬೀಳುವುದರಿಂದ ಅವುಗಳಿಗೂ ಎಂದಿಗಿಂತ ಸ್ವಲ್ಪ ಹೆಚ್ಚು ಗಾಳಿ ಬೇಕು. ಗಾಳಿಯನ್ನು ಅಳೆಯುವ ಹಿತ್ತಾಳೆಯ ಕಡ್ಡಿಯ ಮೇಲೆ, ಗಾಲಿಮನೆಯ ಟೈರುಗಳಿಗೆ ಎಷ್ಟು ಬೇಕೋ ಅಲ್ಲಿ ಸೂಜಿಯಿಂದ ಒಂದು ಗೆರೆಯನ್ನು ಕೊರೆದಿಟ್ಟಿದ್ದೆ. ಗಾಳಿಯ ಬಾಯಿ ಸೋರುತ್ತಿದೆಯೇ ಎಂದು ನೋಡಲು ಮೋಟಾರಿನವರು ಅದಕ್ಕೆ ಉಗುಳು ಹಚ್ಚುತ್ತಾರೆ. ನಾನು ಸೋಸಿದ ನೀರಿನ ಒಂದು ಹನಿಯನ್ನು ಇಡುತ್ತಿದ್ದೆ. ಗುಳ್ಳೆ ಏಳದಿದ್ದರೆ ಮುಚ್ಚಳವನ್ನು ಬಿಗಿದು ಮುಂದಿನ ಗಾಲಿಗೆ ಹೋಗುತ್ತಿದ್ದೆ.

"ಏ ಪಂಡಿತಾ, ಗಾಲಿಗೆ ಪ್ರದಕ್ಷಿಣಿ ಹಾಕೂದು ಮುಗೀತೋ, ಇನ್ನ ಮಂಗಳಾರತಿ ಐತೋ?" ಎಂದು ಕಾಕಾ ಕೂಗುತ್ತಿದ್ದರು.

"ಆರತಿ ಖಾನಾಪುರ ಮುಟ್ಟಿದ ಮ್ಯಾಲ, ಕಾಕಾ," ಎನ್ನುತ್ತಿದ್ದೆ.

ಪಾರಣೆಯ ದಿನ ಬಂತು. ಆಯಿ ಹಿಂದಿನ ದಿನವೆಲ್ಲ ನೀರನ್ನೂ ಮುಟ್ಟಿರಲಿಲ್ಲ. ಈ ದಿನ ಖಾನಾಪುರದ ದರ್ಶನವಾಗುವವರೆಗೂ ಮುಟ್ಟುವವರಲ್ಲ. ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ವ್ರತಸ್ಥರು ನೀರನ್ನು ತೆಗೆದುಕೊಳ್ಳುವುದಿಲ್ಲ. ಎಂದರೆ ಹೊತ್ತು ಮುಳುಗುವ ಮುನ್ನ ಬಸದಿಯನ್ನು ತಲುಪದಿದ್ದರೆ ಆ ಶುಷ್ಕ ದೇಹ ಇನ್ನೊಂದು ಇಡೀ ರಾತ್ರಿಯನ್ನು ನೀರಿಲ್ಲದೆ ಕಳೆಯಬೇಕು. ವೈದ್ಯರು ಮುಂಜಾನೆ ನಾಡಿ ಹಿಡಿದು ನೋಡಿ, ಹೊರಗೆ ಬಂದು ನನ್ನ ತಂದೆಗೆ ಹೇಳಿದರು: "ಇವತ್ತ ಸಂಜಿಮಟ ತಡೀತಾರ. ರಾತ್ರಿ ದಾಟಿಸೂದು ನನ್ನ ಕೈಯಾಗಿಲ್ಲ."

ಆದರೂ ಬೇಗ ಹೊರಡಲಾಗಲಿಲ್ಲ. ಉಪವಾಸ ಮಾಡಿದ ಹಿರಿಯರ ಪಾದಕ್ಕೆರಗಲು ಓಣಿಯ ಜನವೆಲ್ಲ ಬಂದರು. ಬಂದವರನ್ನು ಬೇಡವೆನ್ನುವುದು ಆಯಿಯ ಸ್ವಭಾವವಲ್ಲ. ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ಅವರ ಮಕ್ಕಳ, ಎಮ್ಮೆಗಳ ಯೋಗಕ್ಷೇಮವನ್ನು ಕೇಳಿ ಕಳಿಸಿದರು. ನಾವು ಹೊರಟಾಗ ಬಿಸಿಲು ನೆತ್ತಿಯಿಂದ ಇಳಿಯತೊಡಗಿತ್ತು. ಕಾಕಾ ಮೋಟಾರನ್ನು ನಡೆಸುತ್ತಿದ್ದರು, ನಾನು ಅವರ ಪಕ್ಕದಲ್ಲಿದ್ದೆ. ಗಾಲಿಮನೆಯಲ್ಲಿ ಆಯಿ, ಅವರ ಕಾಲ ಬಳಿ ಕಾಕು. ತಂದೆಯವರು ಮುಂಚಿನ ರೈಲಿನಲ್ಲಿಯೇ ಖಾನಾಪುರಕ್ಕೆ ಹೋಗಿ ಆಯಿಯ ತವರಿನವರೊಂದಿಗೆ ಕಾಯುತ್ತಿದ್ದರು.

ಮಚ್ಛೆ ಊರಿನ ಹೊಲಗಳನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಕಾಕು ಕಿಟಕಿಯ ಹಲಗೆಯನ್ನು ಬಡಿದರು. ಗಾಲಿಮನೆ ಬಲಕ್ಕೆ ವಾಲಿತ್ತು. ಇಳಿದು ನೋಡಿದರೆ ಬಲಗಡೆಯ ಟೈರು ನೆಲಕ್ಕಂಟಿತ್ತು. ಅದರ ಮೈಯಲ್ಲಿ ಒಂದು ಉದ್ದನೆಯ ಜಾಲಿಮುಳ್ಳು ಹೊಕ್ಕಿತ್ತು.

ನನಗೆ ಭಯವೇನೂ ಆಗಲಿಲ್ಲ. ತೇಪೆ ಹಾಕುವ ಸಾಮಾನು ಇತ್ತು. ಪಂಪು ಆಯಿಯ ಮಂಚದ ಕೆಳಗಿತ್ತು. ಹೊತ್ತು ಇನ್ನೂ ಸಾಕಷ್ಟಿತ್ತು. ಅಷ್ಟರಲ್ಲಿ ಕುರಿಗಳ ಹಿಂಡಿನೊಂದಿಗೆ ಆ ದಾರಿಯಲ್ಲಿ ಬರುತ್ತಿದ್ದ ಒಬ್ಬ ಕುರುಬರ ಹಿರಿಯ, ನಾವು ಕೇಳುವ ಮೊದಲೇ ಕಂಬಳಿಯನ್ನು ಪಕ್ಕಕ್ಕಿಟ್ಟು ಬಂದು ಗಾಲಿಮನೆಯ ಒಂದು ಮೂಲೆಗೆ ಹೆಗಲು ಕೊಟ್ಟ. ಜಾಕು ಏರಿಸಿದೆವು. ಮಂಚ ಒಂದು ಬದಿಗೆ ಎತ್ತರವಾಯಿತು.

"ಆಯಿ, ನೋವಾತೇನು?" ಎಂದು ಕೇಳಿದೆ.

"ಇಲ್ಲೋ. ಪಲ್ಲಕ್ಕಿ ಹೊರವರೊಳಗ ಒಬ್ಬ ಉದ್ದ, ಒಬ್ಬ ಗಿಡ್ಡ ಇದ್ದಂಗ ಆಗೇತಿ, ಅಷ್ಟ," ಎಂದರು. ದನಿ ಒಣಗಿತ್ತು. ನಗು ಒಣಗಿರಲಿಲ್ಲ.

ಟೈರನ್ನು ಬಿಚ್ಚಿ, ಟ್ಯೂಬನ್ನು ಹೊರಗೆಳೆದು, ತೂತನ್ನು ಹುಡುಕಿ, ಉಜ್ಜಿ, ತೇಪೆಯನ್ನು ಅಂಟಿಸಿದೆ. ಮುಳ್ಳಿನ ಮುರುಕು ಒಳಗೆ ಉಳಿದಿದೆಯೇ ಎಂದು ಟೈರಿನ ಒಳಮೈಯನ್ನೆಲ್ಲ ಬೆರಳಿನಿಂದ ಸವರಿ ನೋಡಿ, ಮತ್ತೆ ಕೂಡಿಸಿದೆ. ಪಂಪನ್ನು ಸಿಕ್ಕಿಸಿ ಒತ್ತಿದೆ. ಕೈಗೆ ಭಾರವೇ ತಾಗಲಿಲ್ಲ. ಹಿಡಿ ಸರಕ್ಕನೆ ಕೆಳಗಿಳಿಯಿತು. ಗಾಳಿಯೆಲ್ಲ ಪಂಪಿನ ತಲೆಯಿಂದಲೇ ಫುಸ್ಸೆಂದು ಹೊರಬಂತು. ಮತ್ತೆ ಮತ್ತೆ ಒತ್ತಿದೆ. ಅದೇ ಸದ್ದು.

"ಏನ್ರೀ ಯಪ್ಪಾ, ಮನಿಗೆ ದಮ್ಮು ಹತ್ತೈತೇನ್ರೀ?" ಎಂದ ಕುರುಬ.

ಪಂಪಿನ ತಲೆಯನ್ನು ತಿರುಗಿಸಿ ಸಲಾಕೆಯನ್ನು ಹೊರಗೆಳೆದೆ. ಅದರ ತುದಿಯಲ್ಲಿ ಬಟ್ಟಲಿನ ಆಕಾರದ ಒಂದು ಚರ್ಮದ ಬಿಲ್ಲೆ ಇರುತ್ತದೆ. ಒತ್ತಿದಾಗ ಅದರ ಅಂಚು ಅರಳಿ ಕೊಳವೆಗೆ ಬಿಗಿಯಾಗಿ ಕೂತು ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಪಂಪಿನ ಕಸುವೆಲ್ಲ ಆ ಬಿಲ್ಲೆಯಲ್ಲಿದೆ. ಈಗ ಅಲ್ಲಿ ಅದಿರಲಿಲ್ಲ. ಅದರ ಜಾಗದಲ್ಲಿ ಬಿಳಿಯ ಬಟ್ಟೆಯನ್ನು ಮಡಿಸಿ ಮಡಿಸಿ, ದಾರದಿಂದ ಸುತ್ತಿ, ಬಹಳ ಅಚ್ಚುಕಟ್ಟಾಗಿ ಕಟ್ಟಲಾಗಿತ್ತು. ಅಷ್ಟು ಅಚ್ಚುಕಟ್ಟಾಗಿ ಗಂಟು ಹಾಕುವವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು. ನಾನೂ ಕಾಕಾನೂ ಒಟ್ಟಿಗೆ ತಿರುಗಿ ಕಾಕುವನ್ನು ನೋಡಿದೆವು.

"ಚರ್ಮ ಇತ್ತು ಅದರಾಗ," ಎಂದರು ಕಾಕು. "ನಿನ್ನೆ ಸಾಮಾನ ಇಡೂ ಮುಂದ ನೋಡಿದೆ. ನೀ ಎಣ್ಣಿ ಹಚ್ಚಾಕ ಬಿಚ್ಚತಿದ್ದೆಲ್ಲಾ, ಹಂಗ ಬಿಚ್ಚಿ ತಗದೆ."

"ತಗದು ಎಲ್ಲಿಟ್ಟಿ?" ಎಂದರು ಕಾಕಾ.

"ಹಿತ್ತಲದಾಗ ಹುಗದೀನ್ರೀ."

"ಹುಗದಿ? ಪಂಪಿನ ಜೀವಾನ ತಗದು ಹುಗದಿ?"

"ಮತ್ತೇನ್ ಮಾಡ್ಲಿರೀ? ವ್ರತದಾಗಿದ್ದವರ ಹಾಸಿಗಿ ಬುಡಕ ಚರ್ಮ ಇಟ್ಕೊಂಡು ಬಸ್ತಿಗೆ ಒಯ್ಯೂಣೇನು? ಹೊಸಾ ಬಟ್ಟಿ ಹಾಕೀನಿ, ಒಗದು ಒಣಗಿಸಿದ್ದು. ಎಷ್ಟ ಚೊಲೋ ಕುಂತಿತ್ತು!"

"ಕುಂತೈತಿ, ಕುಂತೈತಿ! ಏಳವಲ್ದು ನೋಡು," ಎಂದು ಕಾಕಾ ಪಂಪನ್ನು ಎತ್ತಿ ತೋರಿಸಿದರು.

ಕಾಕುವಿನ ಕಣ್ಣು ತುಂಬಿತು. ತಾನು ಮಾಡಿದ್ದರ ಅರ್ಥ ಅವರಿಗೆ ಆಗ ಆಯಿತು. ಒಮ್ಮೆ ಪಡುವಣದ ಸೂರ್ಯನನ್ನು ನೋಡಿದರು, ಒಮ್ಮೆ ಗಾಲಿಮನೆಯ ಕಿಟಕಿಯನ್ನು. ಗಾಲಿಮನೆಯ ಮೂತಿಗೆ ಮೋಟಾರೇ ಆಧಾರ, ಕೊಂಡಿ ಕಳಚಿ ಅದನ್ನು ಒಯ್ದರೆ ಜಾಕಿನ ಮೇಲಿದ್ದ ಮನೆ ಆಯಿಯ ಸಮೇತ ಮಗುಚುತ್ತಿತ್ತು. ತಿರುಗಿ ಬೆಳಗಾವಿಗೆ ನಡೆದುಹೋಗಿ ಬಿಲ್ಲೆಯನ್ನು ತರುವಷ್ಟರಲ್ಲಿ ಕತ್ತಲಾಗುತ್ತದೆ. ಆಯಿಯನ್ನು ಹೊತ್ತುಕೊಂಡು ಖಾನಾಪುರಕ್ಕೆ ನಡೆಯುವುದೂ ಆಗದ ಮಾತು.

ಗುರುಗಳು ಕಲಿಸಿದ ಒಂದು ಅಭ್ಯಾಸ ನನಗಿತ್ತು. ಬೇಕಾದ ವಸ್ತು ಇಲ್ಲವೆನ್ನುವ ಮುನ್ನ ಅದು ಎಲ್ಲೆಲ್ಲಿ ಇರಬಹುದೋ ಅಲ್ಲೆಲ್ಲ ನೋಡಬೇಕು. ನಮ್ಮ ಕಾಲಲ್ಲಿದ್ದದ್ದು ಆ ದಿನ ಬಟ್ಟೆಯ ಜೋಡು. ಕುರುಬನ ಚಪ್ಪಲಿಯ ಚರ್ಮ ಮರದ ಹಲಗೆಯಂತೆ ಗಟ್ಟಿಯಾಗಿತ್ತು, ಬಟ್ಟಲಿನಂತೆ ಬಾಗುವಂಥದ್ದಲ್ಲ. ನನ್ನ ಕಣ್ಣು ಮೋಟಾರಿನ ಮೇಲೆ ನಿಂತಿತು.

"ಏ, ಆ ಕಡೆ ನೋಡಬ್ಯಾಡ," ಎಂದರು ಕಾಕಾ.

"ನೋಡಿ ಆತು, ಕಾಕಾ," ಎಂದು ತೇಪೆಯ ಸಾಮಾನಿನಿಂದ ಚಾಕುವನ್ನು ತೆಗೆದೆ.

"ನನ್ನ ಧೋತರ ಕೊಯ್ಯಿ, ಕೋಟು ಕೊಯ್ಯಿ. ಸೀಟಿಗೆ ಮಾತ್ರ ಕೈ ಹಚ್ಚಬ್ಯಾಡ."

"ಧೋತರದಿಂದ ಗಾಳಿ ನಿಲ್ಲೂದಿಲ್ಲ ಅನ್ನೂದನ್ನ ಕಾಕು ಈಗಷ್ಟ ಸಿದ್ಧ ಮಾಡ್ಯಾರಲ್ರೀ."

ಕುರುಬ ಜೋರಾಗಿ ನಕ್ಕ. ಕಾಕು ಮಾತ್ರ ನಗಲಿಲ್ಲ. ಅವರಿಗೆ ಬೇರೊಂದು ಸಂದೇಹ ಹುಟ್ಟಿತ್ತು. ಚರ್ಮ ತಳ್ಳಿದ ಗಾಳಿಯ ಮೇಲೆ ಮಲಗಿ ಹೋದರೆ ಆಯಿಯ ವ್ರತಕ್ಕೆ ಭಂಗ ಬಾರದೇ? ಅವರು ಕಿಟಕಿಯ ಬಳಿ ಹೋಗಿ ಮೆಲ್ಲಗೆ ಕೇಳಿದರು. ಶಾಸ್ತ್ರ ಓದಿದವನು ನಾನೇ ಆಗಿದ್ದರೂ ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ವ್ರತವನ್ನು ಹಿಡಿದವರದು.

ಆಯಿ ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

"ಆ ಗಾಲಿ ನಾ ಉಣ್ಣೂ ತಾಟಲ್ಲ, ಮಲಗೂ ಹಾಸಿಗೀನೂ ಅಲ್ಲ," ಎಂದರು. "ಟಾಂಗಾದ ಕುದರಿ ಮೈಮ್ಯಾಲಿನ ಪಟ್ಟಿ ಎದರದು? ಆ ಟಾಂಗಾದಾಗ ಕುಂತು ಜೀವಮಾನ ಪೂರಾ ಬಸ್ತಿಗೆ ಹೋಗೀನಿ. ಮೈಗೆ ಹತ್ತೂದು ಬ್ಯಾರೆ, ದಾರಿ ಮ್ಯಾಲ ಎಳಿಯೂದು ಬ್ಯಾರೆ. ಆ ಸೀಟು ಆಗಲೇ ಸತ್ತ ಪ್ರಾಣಿದು. ಇವತ್ತ ಅದನ್ನ ಕೊಯ್ದ್ರ ಹೊಸಾ ಜೀವಾ ಯಾವುದೂ ಹೋಗೂದಿಲ್ಲ. ಉಳದ್ರ ಒಂದು ಉಳೀತೈತಿ." ಆಮೇಲೆ ಕಾಕುವಿನ ಕಡೆಗೆ ತಿರುಗಿ, "ನೀ ಅಳಬ್ಯಾಡವಾ. ಭಕ್ತಿಯಿಂದ ಮಾಡೀದಿ. ಮುಂದ ಪಂಪಿನವರನ್ನ ಕೇಳಿ ಮಾಡು," ಎಂದರು. ಕೊನೆಗೆ ದನಿಯನ್ನು ಏರಿಸಿ ಮಗನನ್ನು ಕರೆದರು: "ಏ ತಮ್ಮಾ! ಸೀಟು ಹೆಚ್ಚೋ ಹಡದಾಕಿ ಹೆಚ್ಚೋ ಅಂತ ನಾ ಕೇಳಂಗಿಲ್ಲ. ಕೇಳಿದ್ರ ನೀ ವಿಚಾರ ಮಾಡಾಕ ಕುಂದರತಿ, ಹೊತ್ತು ಮುಣಗತೈತಿ."

ಕಾಕಾ ಮೋಟಾರಿನ ಬಾಗಿಲನ್ನು ತೆರೆದರು. ಚಾಕುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಮೊದಲು ಹಿಂದಿನ ಸೀಟಿನ ಕಾಣದ ಅಂಚಿನಲ್ಲಿ ಕೊಯ್ದು ನೋಡಿದರು. ಅಲ್ಲಿಯ ಚರ್ಮ ಒಣಗಿ ಬಿರುಕುಬಿಟ್ಟು ಪುಡಿಯಾಗುತ್ತಿತ್ತು. ಮತ್ತೊಂದು ಮೂಲೆಯೂ ಹಾಗೆಯೇ. ಕೊನೆಗೆ ತಾವು ದಿನವೂ ಕೂರುವ ಜಾಗದ ನಟ್ಟನಡುವೆ, ಒರೆಸಿ ಒರೆಸಿ ಮೆತ್ತಗಾಗಿ ಹೊಳೆಯುತ್ತಿದ್ದಲ್ಲಿ, ತಾವೇ ಚಾಕುವನ್ನಿಟ್ಟು ಗುಂಡಗೆ ಒಂದು ತುಂಡನ್ನು ಕೊಯ್ದು ನನ್ನ ಅಂಗೈಯಲ್ಲಿಟ್ಟರು.

"ಹೂಂ. ಚೊಲೋ ಭಾಗ ಇದು," ಎಂದರು.

ಮೋಟಾರಿಗೆ ಬಿಡುವ ಔಡಲ ಎಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ಆ ತುಂಡನ್ನು ನೆನೆಸಿ, ನಡುವೆ ತೂತು ಮಾಡಿ, ಸಲಾಕೆಯ ತುದಿಗೆ ಬಿಗಿದೆ. ಹೆಬ್ಬೆರಳಿನಿಂದ ಅಂಚುಗಳನ್ನು ಒತ್ತಿ ಬಟ್ಟಲಿನ ಆಕಾರಕ್ಕೆ ತಂದು ಕೊಳವೆಯೊಳಗೆ ಇಳಿಸಿದೆ. ಮೊದಲ ಕೆಲವು ಒತ್ತುಗಳಲ್ಲಿ ಅದೂ ಸೋರಿತು. ಎಣ್ಣೆ ಹರಡಿ ಚರ್ಮ ಅರಳುತ್ತಿದ್ದಂತೆ ಕೈಗೆ ಭಾರ ಹತ್ತಿತು. ಫುಸ್ಸೆನ್ನುವ ಸದ್ದು ನಿಂತು, ಟೈರಿನೊಳಗೆ ಗಾಳಿ ಹೋಗುವ ತುಂಬಿದ ಸದ್ದು ಕೇಳಿಸಿತು. ಪಂಪು ಅಲುಗಾಡುತ್ತಿದ್ದುದನ್ನು ಕಂಡು ಕಾಕು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಬಂದು, ಎರಡೂ ಪಾದಗಳಿಂದ ಅದರ ಬುಡವನ್ನು ಮೆಟ್ಟಿ ನಿಂತರು. ಚರ್ಮವಿದ್ದ ಪಂಪು ಅದು. ಅವರು ಹಿಂಜರಿಯಲಿಲ್ಲ.

ಟೈರು ಏರಿತು, ದುಂಡಗಾಯಿತು, ಗಾಲಿಮನೆ ನೆಟ್ಟಗೆ ನಿಂತಿತು. ಬಿಸಿಲು ಹಳದಿಯಾಗಿತ್ತು.

"ಸಾಕು ಬಿಡೋ! ನಿಂತೈತಿ," ಎಂದರು ಕಾಕಾ, ಮೋಟಾರನ್ನೇರಲು ಓಡುತ್ತ.

ಕಡ್ಡಿಯನ್ನು ಹಿಡಿದು ನೋಡಿದೆ. ಗೆರೆ ಇನ್ನೂ ದೂರವಿತ್ತು. "ಸಾಲೂದಿಲ್ಲ, ಕಾಕಾ."

"ಕಣ್ಣಿಗೆ ಕಾಣಸ್ತದಲ್ಲೋ!"

"ಕಣ್ಣಿಗೆ ತುಂಬಿದಂಗ ಕಾಣತೈತಿ. ಕಡ್ಡಿಗೆ ಕಾಣವಲ್ದು. ಈ ಭಾರ ಹೊತ್ತು ಹೊರಟ್ರ ಟೈರು ಅಪ್ಪಚ್ಚಿ ಆಕ್ಕೈತಿ, ಗಾಲಿ ಕಬ್ಬಿಣ ಟ್ಯೂಬನ್ನ ಕಚ್ಚತೈತಿ. ಆಮ್ಯಾಲ ನಿಮ್ಮ ಸೀಟು ಪೂರಾ ಕೊಯ್ದ್ರೂ ಉಪಯೋಗಿಲ್ಲ."

ಕಾಕಾ ಸೂರ್ಯನ ಕಡೆಗೆ ಕೈ ತೋರಿಸಿದರು. ಒಳಗಿನಿಂದ ಆಯಿ ಕೇಳಿದರು: "ಪಂಡಿತಾ, ಗೆರಿ ಮುಟ್ಟಾಕ ಇನ್ನ ಭಾಳ ಐತೇನು?"

"ಸ್ವಲ್ಪ ಐತಿ, ಆಯಿ. ಮುಟ್ಟಿದ ಮ್ಯಾಲ ಹೊರಟ್ರ ಹೊತ್ತಿಗಿಂತ ಮೊದಲ ಮುಟ್ಟತೀವಿ. ಇದು ನನ್ನ ಮಾತು."

"ಹಂಗಾರ ತುಂಬು. ನಾ ಅವಸರ ಮಾಡಿಲ್ಲ."

ಆ ಮಾತನ್ನು ನಾನು ಧೈರ್ಯಕ್ಕಾಗಿ ಹೇಳಿದ್ದಲ್ಲ. ಉಳಿದ ದಾರಿಯೂ ಮೋಟಾರಿನ ವೇಗವೂ ನನಗೆ ತಿಳಿದಿದ್ದವು. ತುಂಬಿದ ಟೈರಿನ ಮೇಲೆ ಹೋದರೆ ಹೊತ್ತು ಸಾಕಾಗುತ್ತಿತ್ತು. ಅರೆತುಂಬಿದ ಟೈರಿನ ಮೇಲೆ ಎಷ್ಟು ಹೊತ್ತಿದ್ದರೂ ಸಾಲುತ್ತಿರಲಿಲ್ಲ. ತೋಳು ಸೋತಾಗ ಕುರುಬ ಹಿಡಿಯನ್ನು ತೆಗೆದುಕೊಂಡ, ಅವನ ತೋಳು ಸೋತಾಗ ನಾನು. ಗೆರೆ ಮುಟ್ಟಿತು. ನೀರಿನ ಹನಿಯನ್ನಿಟ್ಟು ನೋಡಿದೆ, ಗುಳ್ಳೆ ಏಳಲಿಲ್ಲ. ಎಡಗಡೆಯ ಟೈರನ್ನೂ ಅಳೆದೆ. ಬಿಸಿಲಿಗೂ ಓಟಕ್ಕೂ ಕಾದು ಅದು ಗೆರೆಯನ್ನು ದಾಟಿತ್ತು. ಸ್ವಲ್ಪ ಬಿಟ್ಟುಬಿಡು ಎಂದು ಕಾಕಾ ಹೇಳಿದರು. ಬಿಡಲಿಲ್ಲ. ತಣಿದಾಗ ಅದು ತಾನೇ ಇಳಿಯುತ್ತದೆ, ಬಿಟ್ಟರೆ ಅಗತ್ಯಕ್ಕಿಂತ ಕಡಿಮೆಯಾಗುತ್ತದೆ. ಕುರುಬನ ಎರಡೂ ಕೈಗಳನ್ನು ಹಿಡಿದು ನಮಸ್ಕರಿಸಿ ಹೊರಟೆವು.

ದೇಸೂರು ದಾಟಿದ ಮೇಲೆ ಒಮ್ಮೆ ನಿಲ್ಲಿಸೆಂದೆ. ಕಾಕಾ ಬೈಯುತ್ತಲೇ ನಿಲ್ಲಿಸಿದರು. ಕೈಯ ಹಿಂಬದಿಯಿಂದ ಬಲಗಡೆಯ ಟೈರನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. "ನಡೀರಿ," ಎಂದೆ. ಕೊಯ್ದ ಸೀಟಿನ ತೂತಿನ ಮೇಲೆ ಕಾಕಾ ತಮ್ಮ ಟೋಪಿಯನ್ನಿಟ್ಟು ಅದರ ಮೇಲೆ ಕುಳಿತಿದ್ದರು. ಇನ್ನು ಅವರು ಬೈಯಲಿಲ್ಲ.

ಖಾನಾಪುರದ ಬಸದಿಯ ಮುಂದೆ ಮೋಟಾರು ನಿಂತಾಗ ಅದರ ಶಿಖರದ ಮೇಲೆ ಬಿಸಿಲು ಇನ್ನೂ ಇತ್ತು. ಕೆಳಗೆ ಅಂಗಳದಲ್ಲಿ ನೆರಳು ತುಂಬಿತ್ತು. ತಂದೆಯವರೂ ತವರಿನ ಗಂಡಸರೂ ಆಯಿಯನ್ನು ಮಂಚದ ಸಮೇತ ಇಳಿಸಿ, ಹೆಗಲ ಮೇಲೆ ಹೊತ್ತು, ಹೊಸ್ತಿಲನ್ನು ದಾಟಿಸಿ ಸ್ವಾಮಿಯ ಎದುರಿಗಿಟ್ಟರು. ಆಯಿ ಮಲಗಿದ್ದಂತೆಯೇ ಕೈಮುಗಿದರು. ಅವರ ತುಟಿಗಳು ಅಲುಗುತ್ತಿದ್ದವು. ಸದ್ದು ಹೊರಬರುತ್ತಿರಲಿಲ್ಲ. ಅವಸರಪಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ತಂದೆಯವರು ಮಾತ್ರ ಬಾಗಿಲ ಹೊರಗೆ ನಿಂತು ಶಿಖರವನ್ನೇ ನೋಡುತ್ತಿದ್ದರು. ಸ್ತುತಿ ಮುಗಿದು, ಸ್ವಾಮಿಯ ಅಭಿಷೇಕದ ನೀರಾದ ಗಂಧೋದಕವನ್ನು ಹಣೆಗೆ ಹಚ್ಚಿಸಿಕೊಂಡು, ಆಯಿ ಬಾಯಿ ತೆರೆದರು. ಕಾಯಿಸಿ ಆರಿಸಿದ ನೀರನ್ನು ಕಾಕು ಬೆಳ್ಳಿಯ ಚಮಚದಿಂದ ಹನಿಹನಿಯಾಗಿ ಬಿಟ್ಟರು. ಅದು ಅವರ ಗಂಟಲಲ್ಲಿ ಇಳಿಯುವುದು ನಮಗೆಲ್ಲ ಕಂಡಿತು. ಮತ್ತೊಂದು ಚಮಚ, ಮತ್ತೊಂದು. ಆಮೇಲೆ ಹೆಸರುಬೇಳೆಯ ಕಟ್ಟು. ತಂದೆಯವರು ಒಳಗೆ ಬಂದು ಮಂಚದ ಕಾಲಿಗೆ ಒರಗಿ ಕುಳಿತರು. ಹೊರಗೆ ಬೆಳಕು ಇನ್ನೂ ಇತ್ತು.

"ಹಸಿವ್ಯಾಗೈತಿ," ಎಂದರು ಆಯಿ. "ಇನ್ನೊಂದೀಟು ಹಾಕು. ಗಾಳಿಯಂಗ, ಗೆರಿಮಟ."

ಆ ದಾರಿಯಲ್ಲಿ ಜೊತೆಗಿದ್ದವರಲ್ಲಿ ಇಂದು ಉಳಿದವನು ನಾನೊಬ್ಬನೇ. ತನ್ನ ಪ್ರೀತಿಯದನ್ನು ತನ್ನ ಕೈಯಿಂದಲೇ ಕೊಯ್ದುಕೊಟ್ಟ ಕಾಕಾನಿಗೆ ಸದ್ಗತಿಯಿರಲಿ. ಭಕ್ತಿಯಿಂದ ಬಿಚ್ಚಿ, ಭಕ್ತಿಯಿಂದಲೇ ಬುಡವನ್ನು ಮೆಟ್ಟಿ ನಿಂತ ಕಾಕುವಿಗೆ ಶಾಂತಿಯಿರಲಿ. ಕರೆಯದೆ ಬಂದು ಹೆಗಲು ಕೊಟ್ಟ ಆ ಕುರುಬನ ಹಿಂಡು ಎಲ್ಲಿದ್ದರೂ ಹೆಚ್ಚಲಿ. ಹಲಗೆ ಕೂಡಿಸಿದ ಬಡಿಗರ, ಹಾಸಿಗೆ ನೇಯ್ದ ನೇಕಾರರ ಮನೆಗಳಲ್ಲಿ ದೀಪ ಆರದಿರಲಿ. ನಿಯಮವನ್ನೂ ನಗುವನ್ನೂ ಒಟ್ಟಿಗೆ ಉಳಿಸಿಕೊಂಡ ಆಯಿಯ ಪುಣ್ಯ ನಮ್ಮ ಮಕ್ಕಳ ಮಕ್ಕಳಿಗೂ ತಾಗಲಿ. ಯಾವ ಪ್ರಾಣಿಯ ಚರ್ಮ ಆ ಸಂಜೆ ಒಂದು ಜೀವವನ್ನು ನೀರಿನವರೆಗೆ ಕೊಂಡೊಯ್ಯಿತೋ, ಆ ಪ್ರಾಣಿ ಈಗ ಯಾವ ಜನ್ಮದಲ್ಲಿದ್ದರೂ ಅದಕ್ಕೆ ಯಾರಿಂದಲೂ ನೋವಾಗದಿರಲಿ.